ಮಣ್ಣು ಹರಿದುಹೋದ ಮೇಲೆ ಉಳಿದ ಮನೆ

ಭತ್ತ ಹೊಡೆ ಒಡೆಯುವ ಕಾಲ. ಕಾಲುವೆಯ ನೀರು ಒಂದು ಮಡಿಯಿಂದ ಇನ್ನೊಂದು ಮಡಿಗೆ ಇಳಿಯುವ ಸದ್ದು ಬಿಟ್ಟರೆ ಆರ್.ಎಚ್. ಕ್ಯಾಂಪಿನಲ್ಲಿ ಇನ್ನೂ ಬೇರೆ ಸದ್ದಿಲ್ಲ. ಮನೆಗಳ ಹಿಂದಿನ ಮೀನಿನ ಹೊಂಡದ ಮೇಲೆ ಇಬ್ಬನಿ ಹೊಗೆಯಾಡುತ್ತಿದೆ. ತಗಡಿನ ಚಪ್ಪರದ ಕೆಳಗೆ ಒಂದು ಬಲ್ಬು ಉರಿಯುತ್ತಿದೆ. ಅದರ ಬೆಳಕಿನಲ್ಲಿ ಬಿದಿರಿನ ಗಳ, ಭತ್ತದ ಹುಲ್ಲು, ಸೆಣಬಿನ ಹುರಿ ಸೇರಿಸಿ ಕಟ್ಟಿದ ಹತ್ತು ಕೈಗಳ ಒಂದು ಮೈ ನಿಂತಿದೆ. ಮುಖ ಇನ್ನೂ ಬಂದಿಲ್ಲ. ದುರ್ಗಾಪೂಜೆಗೆ ಎರಡು ವಾರವಿದೆ.

ಅದರ ಎದುರು ಕುಕ್ಕರಗಾಲಲ್ಲಿ ಕೂತು ದಾದಾ ಮಣ್ಣು ನಾದುತ್ತಿದ್ದಾರೆ. ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ, ನಾನೂ ಹಾಗೇ. ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತುತ್ತಾರೆ. ಬೆರಳಿಗೆ ಒಂದು ಹರಳು ಸಿಕ್ಕರೆ ಎತ್ತಿ ಆಚೆ ಎಸೆಯುತ್ತಾರೆ.

"ಕಲ್ಲು ಇರಬಾರದ್ರಿ ಸರ. ಒಂದು ಸಣ್ಣ ಹರಳು ಉಳಿದ್ರೂ ಒಣಗಿದ ಮ್ಯಾಗ ಮೂರ್ತಿ ಅಲ್ಲೇ ಬಿರಿತದ."

ಆಡುವ ಮಾತು ರಾಯಚೂರು ಸೀಮೆಯ ಕನ್ನಡ. ಹೊಸ್ತಿಲು ದಾಟಿ ಒಳಗೆ ಹೋದರೆ ಬಂಗಾಳಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟು ನಿಲ್ಲಿಸಿದ ಊರುಗಳಿವು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಹೆಸರಿಗೆ ಬದಲು ನಂಬರು ಹೊತ್ತು ಹುಟ್ಟಿದ ಊರುಗಳು ಈಗ ಭತ್ತ, ಮೀನು, ಬಾಳೆ, ತುಳಸಿಕಟ್ಟೆಗಳಿಂದ ತುಂಬಿವೆ.

"ನಾ ಬರೋವಾಗ ಸಣ್ಣಾವ. ನಮ್ಮವ್ವ ಹೇಳ್ತಿದ್ಲು, ನಮ್ಮೂರ ಕಡಿಗೆ ಕಲ್ಲೇ ಇಲ್ಲಂತ. ಎಷ್ಟು ಅಗದ್ರೂ ಮಣ್ಣ. ಕಡಿ ಬೇಕಾದ್ರ ಇಟ್ಟಂಗಿ ಸುಟ್ಟು, ಆ ಇಟ್ಟಂಗಿನ ಒಡೀತಿದ್ರಂತ. ಇಲ್ಲಿಗೆ ಬಂದು ಮೊದಲ ಸಲ ಗುಡ್ಡ ನೋಡಿ ಆಕಿ ಅಂಜಿದ್ಲಂತ್ರಿ. ಇಷ್ಟು ದೊಡ್ಡ ಗುಂಡು ಯಾರು ಏರಿಸ್ಯಾರ, ಯಾವಾಗ ಬೀಳ್ತಾವ ಅಂತ."

ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳಬೇಕೆನಿಸಿತು. "ಇವತ್ತು ಮಸ್ಕಿಗೆ ಬರ್ರಿ ದಾದಾ. ಇಂಥ ಮಣ್ಣು ಹುಟ್ಟೋ ಮನಿ ತೋರಸ್ತೀನಿ" ಎಂದೆ. ಅವರು ಕೈ ತೊಳೆದು, ನಾದಿದ ಮಣ್ಣಿನ ಮುದ್ದೆಗೆ ಹಸಿ ಗೋಣಿ ಹೊದಿಸಿ ಎದ್ದರು.

ಸಿಂಧನೂರು ಬಿಟ್ಟ ಬಸ್ಸು ಎರಡೂ ಕಡೆಯ ಹಸಿರಿನ ನಡುವೆ ಓಡುತ್ತದೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲಿನ ಹಸಿರು ಇದು. ಅದಕ್ಕೂ ಮೊದಲು ಇದು ಬಿಳಿಜೋಳದ ಎರೆಭೂಮಿ. ನೆಲ ಎಷ್ಟು ಸಮತಟ್ಟೆಂದರೆ ದೂರದ ಬೇವಿನ ಮರವೂ ಎತ್ತರವಾಗಿ ಕಾಣುತ್ತದೆ. ಮಸ್ಕಿ ಹತ್ತಿರವಾಗುತ್ತಿದ್ದಂತೆ ಆ ನೆಲದ ಮೇಲೆ ಕಣದಲ್ಲಿ ರಾಶಿ ಹಾಕಿದ ಹಾಗೆ ಗುಂಡುಗಳ ಗುಡ್ಡಗಳು ಏಳುತ್ತವೆ. ಒಂದರ ನೆತ್ತಿಗೆ ಮಲ್ಲಿಕಾರ್ಜುನನ ಗುಡಿಯಿದೆ. ಇನ್ನೊಂದು ದುರ್ಗದ ಗುಡ್ಡ. ನಮ್ಮ ಕಾಲು ತಿರುಗಿದ್ದು ಅದರ ಕಡೆಗೆ.

ಬುಡದಲ್ಲಿ ಜಾಲಿಗಿಡ, ಸೀತಾಫಲದ ಪೊದೆ. ಕುರಿ ಕಾಯುವ ಹುಡುಗನೊಬ್ಬ ಗುಂಡಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಾನೆ. ಬಿಸಿಲು ಏರುತ್ತಿದೆ. ಮುಟ್ಟಿದ ಬಂಡೆ ಆಗಲೇ ಬೆಚ್ಚಗಾಗಿದೆ. ಗುಂಡುಗಳ ಮೇಲೆ ಅಲ್ಲಲ್ಲಿ ಸಿಪ್ಪೆ ಎದ್ದ ಹಾಗೆ ಬಾಗಿದ ಚಕ್ಕೆಗಳು. ದಾದಾ ಗೆಣ್ಣಿನಿಂದ ಒಂದನ್ನು ತಟ್ಟಿದರು. ಒಳಗೆ ಟೊಳ್ಳು ಇದ್ದ ಹಾಗೆ ಸದ್ದಾಯಿತು.

"ಉಳ್ಳಾಗಡ್ಡಿ ಸಿಪ್ಪಿ ಬಿಟ್ಟಂಗ ಬಿಟ್ಟದಲ್ರಿ ಸರ."

ಅವರು ಕಂಡ ಹೋಲಿಕೆಯನ್ನೇ ಭೂವಿಜ್ಞಾನದವರೂ ಕಂಡಿದ್ದಾರೆ. ಈ ಬಗೆಯ ಸವೆತವನ್ನು ಅವರೂ ಉಳ್ಳಾಗಡ್ಡಿ ಸಿಪ್ಪೆಗೇ ಹೋಲಿಸುತ್ತಾರೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಗ್ರಾನೈಟ್ ಜಾತಿಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಈಗ ನಾವು ನಿಂತಿರುವ ಗುಂಡು ಹುಟ್ಟಿದ್ದು ನೆಲದ ಮೇಲಲ್ಲ, ಕಿಲೋಮೀಟರುಗಳಷ್ಟು ಆಳದಲ್ಲಿ, ಕರಗಿದ ಪಾಕ ನಿಧಾನವಾಗಿ ಆರಿದಾಗ. ಆರುವಾಗ ಕುಗ್ಗಿ ಬಿರುಕು ಬಿಟ್ಟಿತು. ಮೇಲಿನ ಹೊರೆ ಯುಗಯುಗಗಳಲ್ಲಿ ಸವೆದು ಹಗುರಾದಂತೆ ಒಳಗಿನ ಕಲ್ಲು ಉಸಿರುಬಿಟ್ಟು ಉಬ್ಬಿತು. ಆಗ ಅಡ್ಡಡ್ಡ ಬಿರುಕುಗಳೂ ಮೂಡಿದವು. ನಿಂತ ಬಿರುಕು, ಮಲಗಿದ ಬಿರುಕು ಎರಡೂ ಸೇರಿ ಇಡೀ ಬಂಡೆಯನ್ನು ಮಣ್ಣಿನ ಕೆಳಗೇ ಚೌಕ ಚೌಕವಾಗಿ ಕತ್ತರಿಸಿ ಇಟ್ಟವು.

ಆಮೇಲಿನದು ನೀರಿನ ಕೆಲಸ. ಮಳೆ ಹನಿ ಗಾಳಿಯೊಳಗಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಮಣ್ಣಿನಲ್ಲಿ ಕೊಳೆಯುವ ಬೇರು, ಎಲೆಗಳ ನಡುವೆ ಇಳಿಯುವಾಗ ಆ ಹುಳಿ ಇನ್ನಷ್ಟು ಏರುತ್ತದೆ. ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಖನಿಜಗಳಿವೆ: ಗಾಜಿನಂತೆ ಹೊಳೆಯುವ ಬೆಣಚು, ಬೆಳ್ಳಗೋ ಕೆಂಪಗೋ ಕಾಣುವ ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಹುಳಿನೀರು ಬೆಣಚನ್ನು ಏನೂ ಮಾಡಲಾರದು. ಫೆಲ್ಡ್‌ಸ್ಪಾರನ್ನು ಮಾತ್ರ ಮೆತ್ತಗೆ ಮಾಡಿ ಜೇಡಿಯಾಗಿಸುತ್ತದೆ. ಕಪ್ಪು ಕಾಗೆಬಂಗಾರ ನೀರು ಕುಡಿದು ಉಬ್ಬಿ ಸುತ್ತಲಿನ ಹರಳುಗಳನ್ನು ಸಡಿಲಿಸುತ್ತದೆ. ಗಟ್ಟಿ ಕಲ್ಲು ಪುಡಿಯಾಗಿ ಮರಂ ಆಗುತ್ತದೆ.

ಚೌಕ ಬಂಡೆ ಗುಂಡಾಗುವುದೂ ಇಲ್ಲೇ. ಬಂಡೆಯ ಮೈಗೆ ನೀರು ಒಂದೇ ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಮೊದಲು ಕರಗುತ್ತದೆ, ಅಂಚು ಆಮೇಲೆ. ನಡುವಿನ ತಿರುಳು ಉಂಡೆಯಾಗಿ ಉಳಿಯುತ್ತದೆ. ಹಿಂದೊಂದು ಕಾಲಕ್ಕೆ ಈ ಗುಡ್ಡವೆಲ್ಲ ನೆಲದೊಳಗಿದ್ದು, ಮರಂ ತುಂಬಿದ ಬುಟ್ಟಿಯಲ್ಲಿ ಜೋಡಿಸಿಟ್ಟ ಉಂಡೆಗಳಂತಿತ್ತು. ಮಳೆ, ಹಳ್ಳ, ಗಾಳಿ ಸೇರಿ ಆ ಮರಂ ಮಣ್ಣನ್ನು ಲಕ್ಷಾಂತರ ವರ್ಷಗಳಲ್ಲಿ ಹೊತ್ತುಕೊಂಡು ಹೋದವು. ಉಂಡೆಗಳು ಒಂದರ ಮೇಲೊಂದು ಕೂತವು.

"ಹಂಗಾದ್ರ ಯಾರೂ ಏರಿಸಿಲ್ಲ" ಎಂದರು ದಾದಾ. "ಕೆಳಗಿನ ಮಣ್ಣು ಹೋತು. ಇವು ಅಲ್ಲೇ ನಿಂತ್ವು."

ಅವರ ತಾಯಿಯ ಪ್ರಶ್ನೆಗೆ ಉತ್ತರ ಅಷ್ಟೇ. ಉಂಡೆಗಳ ನಡುವೆ ಮಣ್ಣು ಬಿಟ್ಟುಹೋದ ಜಾಗವೇ ಗವಿ.

ತಗ್ಗಿ ಒಳಗೆ ಹೋದೆವು. ಹೊರಗಿನ ಬಿಸಿಲು ಒಂದು ಹೆಜ್ಜೆಯಲ್ಲಿ ಕಳಚಿತು. ಮಡಕೆಯ ಹೊಟ್ಟೆಯೊಳಗಿನಂಥ ತಂಪು. ಒಣ ಹುಲ್ಲು, ಆಡಿನ ಹಿಕ್ಕೆ, ತೊಗಲಬಾವಲಿಯ ವಾಸನೆ. ಮೇಲಿನ ಬಂಡೆಯ ಹೊಟ್ಟೆಗೆ ಕಣಜ ಮಣ್ಣಿನ ಗೂಡು ಮೆತ್ತಿದೆ. ಮಳೆಗಾಲದಲ್ಲಿ ನೀರು ಇಳಿದ ಕಡೆ ಕಪ್ಪು ಗೀರುಗಳಿವೆ. ಅಂಚಿನ ಬಿರುಕಿನಲ್ಲಿ ಒಂದು ಬಸರಿಗಿಡ, ಅದರ ಬೇರು ಹಗ್ಗದ ಹಾಗೆ ನೆಲದವರೆಗೆ ಇಳಿದಿದೆ. ಕೈಯಾಡಿಸಿದರೆ ಬಂಡೆಯ ಒಳಮೈ ಒರಟು. ಬೆರಳಿಗೆ ಹರಳುಪುಡಿ ಅಂಟುತ್ತದೆ. ನೆರಳಿನ ಈ ಭಾಗ ಬೇಗ ಒಣಗುವುದಿಲ್ಲ. ಇಂಥ ಕಡೆ ತೇವದಲ್ಲಿ ಕರಗಿದ ಉಪ್ಪು ಹರಳುಗಟ್ಟುವಾಗ ಕಲ್ಲಿನ ಕಣಗಳನ್ನು ಒಂದೊಂದಾಗಿ ತಳ್ಳಿ ಉದುರಿಸುತ್ತದೆ. ಗವಿ ಹುಟ್ಟಿ ಮುಗಿದದ್ದಲ್ಲ. ನಾವು ನಿಂತಿರುವಾಗಲೂ ಅದು ಬೆಳೆಯುತ್ತಿದೆ.

ಈ ಗುಡ್ಡದ ಇಂಥದೇ ಒಂದು ಗವಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಈಗ ಅದಕ್ಕೆ ಭಾರತೀಯ ಪುರಾತತ್ವ ಇಲಾಖೆಯ ಕಾವಲಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬಾತನ ಕಣ್ಣಿಗೆ ಇದು ಬಿತ್ತು. ಆಗ ಮಸ್ಕಿ ನಿಜಾಮರ ಹೈದರಾಬಾದಿನಲ್ಲಿತ್ತು. ಶಾಸನವನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅಲ್ಲಿಯವರೆಗೆ ಬಂಡೆ, ಕಂಬಗಳ ಮೇಲೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಮೊದಲು ಕಂಡದ್ದು ಇಲ್ಲಿ. ಬುದ್ಧನ ದಾರಿ ಹಿಡಿದ ರಾಜ ಇದರಲ್ಲಿ ಹೇಳುವ ಮಾತು ದೊಡ್ಡದು. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಎತ್ತರ ಮುಟ್ಟಬಲ್ಲ, ಇದು ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು ಎಂಬುದು ಅದರ ಸಾರ.

ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಈ ಅಕ್ಷರಗಳು ಓದಲು ಉಳಿದಿವೆ. ಮೇಲಿನ ಬಂಡೆ ಬಿಸಿಲು ಮಳೆಗಳ ಹೊಡೆತವನ್ನು ತನ್ನ ಬೆನ್ನಿಗೆ ತಗೊಂಡದ್ದು ಅದಕ್ಕೆ ದೊಡ್ಡ ಕಾರಣ. ಆದರೂ ಶಾಸನ ಪೂರ್ತಿ ಇಲ್ಲ. ಅಲ್ಲಲ್ಲಿ ಕಲ್ಲಿನ ಮೈ ಸವೆದು ಅಕ್ಷರಗಳು ಹೋಗಿವೆ. ಹೊರಗೆ ದಾದಾ ತಟ್ಟಿ ನೋಡಿದ ಆ ಟೊಳ್ಳು ಸಿಪ್ಪೆ ಇಲ್ಲಿ ಎದ್ದರೆ ಅದರೊಂದಿಗೆ ಒಂದು ಪದ ಹೋಗುತ್ತದೆ. ಗವಿಯನ್ನು ಕಟ್ಟಿದ ಸವೆತವೇ ಗವಿಯೊಳಗಿನದನ್ನೂ ತಿನ್ನುತ್ತದೆ.

ಕೊಪ್ಪಳದಲ್ಲೂ ಹೀಗೇ. ಅಲ್ಲಿನ ಗವಿಮಠ, ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನಲ್ಲಿ ದೊಡ್ಡ ಬಂಡೆಯೊಂದು ಕೆಳಗಿನ ಗುಂಡುಗಳ ಮೇಲೆ ಪಲ್ಲಕ್ಕಿಯ ಛತ್ರಿಯಂತೆ ಕೂತಿದೆ, ಅಕ್ಷರಗಳು ಅದರ ಆಸರೆಯಲ್ಲಿವೆ. ಗವಿಮಠದ ಹೆಸರಲ್ಲೇ ಗವಿಯಿದೆ. ಪ್ರತಿ ವರ್ಷ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುವ ಆ ಮಠ ಬೆಳೆದದ್ದು ಗುಡ್ಡದ ಗವಿಯ ಸುತ್ತ.

ಅಶೋಕನಿಗಿಂತ ಬಹಳ ಮೊದಲೇ ದನಗಾಹಿಗಳು ಈ ನೆರಳಿಗೆ ಬಂದಿದ್ದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಹತ್ತಿರ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ 1952ರಲ್ಲಿ ಉತ್ಖನನ ಮಾಡಿ ನವಶಿಲಾಯುಗದ ನೆಲೆ ತೆರೆದರು. ಅಲ್ಲಿನ ಬಂಡೆಗಳ ಮೇಲೆ, ಕಲ್ಲಾಸರೆಗಳಲ್ಲಿ ಹಿಣಿಲಿನ ಗೂಳಿಗಳನ್ನು ಕುಟ್ಟಿ, ಬಣ್ಣ ಹಚ್ಚಿ ಬರೆದಿದ್ದಾರೆ. ಗಂಗಾವತಿ ಬದಿಯ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ಜನ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಡ್ಡಬಿರುಕಿನಿಂದ ಹಾಳೆಯಂತೆ ಎದ್ದ ಬಂಡೆಗಳನ್ನು ತಂದು, ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿ, ಗೋಡೆಗೆ ದುಂಡನೆ ಕಂಡಿ ಕೊರೆದು ತಾವೇ ಗವಿ ಕಟ್ಟಿದರು. ಸುತ್ತಲಿನವರು ಅದನ್ನು ಮೋರಿಯರ ಗುಡ್ಡ ಎನ್ನುತ್ತಾರೆ.

ಮನುಷ್ಯ ತೋಡಿದ ಗವಿ ಬೇಕೆಂದರೆ ಹಟ್ಟಿ ಇದೆ. ಮಸ್ಕಿಯಿಂದ ಹಟ್ಟಿಯ ಕಡೆಗೆ ಹಬ್ಬಿದ ಕಪ್ಪು ಶಿಲೆಯ ಪಟ್ಟಿಯಲ್ಲಿ ಚಿನ್ನವಿದೆ. ಇಂದಿನ ಗಣಿಗಾರರು ಇಳಿಯುವ ಮೊದಲೇ ಅಲ್ಲಿ ಹಳಬರು ತೋಡಿದ ಗುಣಿಗಳಿದ್ದವು, ಕೆಲವು ಆರುನೂರು ಅಡಿ ದಾಟಿದ್ದವು. ಅಲ್ಲಿ ಸಿಕ್ಕಿದ ಹಳೆಯ ಮರದ ತುಂಡಿನ ಕಾಲವನ್ನು ಪರೀಕ್ಷಿಸಿದಾಗ ಎರಡು ಸಾವಿರ ವರ್ಷದ ಹತ್ತಿರ ಬಂತು. ಬೆಂಕಿಯಿಂದ ಕಲ್ಲು ಕಾಯಿಸಿ, ನೀರು ಸುರಿದು ಬಿರಿಸಿ ಇಳಿದವರು ಅವರು. ಬಿಸಿಲು ಮಳೆ ಯುಗಗಟ್ಟಲೆ ಮಾಡುವುದನ್ನು ಒಂದು ಹಗಲಿಗೆ ಇಳಿಸುವ ಉಪಾಯ ಅದು.

ದಾದಾ ಗವಿಯ ಬಾಯಲ್ಲಿ ಕೂತು ಬೀಡಿ ತೆಗೆದರು. ಒಳಗಿನ ಬಂಡೆಯನ್ನು ಒಮ್ಮೆ ನೋಡಿ ಮತ್ತೆ ಕಿಸೆಗೆ ಇಟ್ಟರು.

"ಟೀವ್ಯಾಗ ತೋರಸ್ತಾರಲ್ರಿ, ಛತ್ತಿನಿಂದ ಕಲ್ಲು ಜೋತು ಬಿದ್ದಿರ್ತಾವ. ಅವು ಇಲ್ಲ್ಯಾಕಿಲ್ಲ?"

ಅದಕ್ಕೆ ಕಲ್ಲಿನ ಜಾತಿಯೇ ಬೇರೆ. ಸುಣ್ಣಕಲ್ಲಿಗೆ ಇದೇ ಹುಳಿನೀರು ತಾಗಿದರೆ ಕಲ್ಲು ಬಹುಪಾಲು ಕರಗಿ ನೀರಿನ ಜೊತೆ ಹೊರಟುಹೋಗುತ್ತದೆ. ಬಿರುಕು ಅಗಲವಾಗಿ ಸುರಂಗವಾಗುತ್ತದೆ, ಸುರಂಗ ಹಜಾರವಾಗುತ್ತದೆ. ನೆಲದಡಿಯ ನೀರಿನ ಮಟ್ಟ ಕೆಳಗಿಳಿದಾಗ ಆ ಹಜಾರ ಬರಿದಾಗಿ ಗಾಳಿ ತುಂಬುತ್ತದೆ. ಆಮೇಲೆ ಛತ್ತಿನಿಂದ ತೊಟ್ಟಿಕ್ಕುವ ಹನಿ ತನ್ನೊಳಗಿನ ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟು, ಕೂದಲೆಳೆಯಷ್ಟು ಸುಣ್ಣವನ್ನು ಅಲ್ಲೇ ಇಟ್ಟು ಹೋಗುತ್ತದೆ. ಮೇಲಿನಿಂದ ಇಳಿದದ್ದು ಜೋಲುಗಲ್ಲು, ಕೆಳಗಿನಿಂದ ಎದ್ದದ್ದು ಮೂಡುಗಲ್ಲು. ದಾಂಡೇಲಿ ಕಾಡಿನ ಕವಳಾ ಗವಿಯಲ್ಲಿ ಹಾಗೆ ಎದ್ದ ಮೂಡುಗಲ್ಲನ್ನೇ ಜನ ಲಿಂಗವೆಂದು ಪೂಜಿಸುತ್ತಾರೆ. ಆಂಧ್ರದ ನಂದ್ಯಾಲ ಜಿಲ್ಲೆಯ ಬೆಲೂಂ ಗವಿ 3,229 ಮೀಟರ್ ಉದ್ದವಿದೆ. ಮೇಲೆ ಹೊಲ, ಕೆಳಗೆ ಅಷ್ಟೂ ಗವಿ. 1884ರಲ್ಲಿ ಅದನ್ನು ದಾಖಲಿಸಿದ ರಾಬರ್ಟ್ ಬ್ರೂಸ್ ಫುಟ್ ನಮ್ಮ ಮಸ್ಕಿಯ ಪುರಾತನ ನೆಲೆಯನ್ನೂ ಗುರುತಿಸಿದ್ದ ಭೂವಿಜ್ಞಾನಿ. ಅದೇ ಹುಳಿ ಅಲ್ಲಿ ಕಲ್ಲನ್ನು ಒಳಗಿನಿಂದ ಕರಗಿಸಿ ಟೊಳ್ಳು ಮಾಡಿತು, ಇಲ್ಲಿ ಕಲ್ಲಿನ ಸುತ್ತಲಿನದನ್ನು ಮಣ್ಣು ಮಾಡಿ ಕಲ್ಲನ್ನು ಬಿಟ್ಟುಹೋಯಿತು.

ಎರಡೂ ಬಗೆಯ ಗವಿಗಳಿಗೆ ಇವತ್ತಿನ ಅಪಾಯ ಮನುಷ್ಯನ ಕಾಲಿನಿಂದ ಬರುತ್ತದೆ. ಫ್ರಾನ್ಸಿನ ಲಾಸ್ಕೋ ಗವಿಯ ಚಿತ್ರಗಳು ಹದಿನೇಳು ಸಾವಿರ ವರ್ಷಗಳಷ್ಟು ಹಳೆಯವು. 1940ರಲ್ಲಿ ಕಂಡು, 1948ರಲ್ಲಿ ಜನರಿಗೆ ತೆರೆದರು. ನೋಡಲು ಬಂದವರ ಉಸಿರು, ಮೈಬಿಸಿ, ದೀಪದ ಬೆಳಕಿಗೆ ಗೋಡೆಯ ಮೇಲೆ ಪಾಚಿ ಹಬ್ಬಿತು. 1963ರಲ್ಲಿ ಮುಚ್ಚಲೇಬೇಕಾಯಿತು. ನಮ್ಮ ಗುಂಡುಗವಿಗಳಿಗೆ ಗಾಳಿ ಆಡುತ್ತದೆ, ಉಸಿರಿನ ಕಾಟ ಅಷ್ಟಿಲ್ಲ. ಇಲ್ಲಿನ ಶತ್ರುಗಳು ಬೇರೆ: ಒಲೆ ಹೂಡಿದ ಮಸಿ, ಬಣ್ಣದಲ್ಲಿ ಬರೆದ ಹೆಸರು, ಸುಣ್ಣ ಬಳಿದು ಮುಚ್ಚಿದ ಹಳೆಯ ಚಿತ್ರ, ನಿಧಿಯ ಆಸೆಗೆ ಅಗೆದ ಗುಂಡಿ. ಎಲ್ಲಕ್ಕಿಂತ ದೊಡ್ಡದು ಕ್ವಾರಿ. ಬಂಡೆಗೆ ತೂತು ಹೊಡೆದು ಮದ್ದು ತುಂಬಿದರೆ ಸಂಜೆಯೊಳಗೆ ಗುಂಡು ಕಡಿಯಾಗಿ ಟಿಪ್ಪರ್ ಏರುತ್ತದೆ.

ಅದು ಬರೀ ಕಲ್ಲಿನ ಲೆಕ್ಕವಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗವಿಯೊಂದರಲ್ಲಿ ಒಂದು ಜಾತಿಯ ಎಲೆಮೂಗಿನ ಬಾವಲಿಗಳಿವೆ. 1994ರಲ್ಲಿ ವಿಜ್ಞಾನ ಅದಕ್ಕೆ ಹೆಸರಿಟ್ಟಿತು. ಆಗ ಹತ್ತಿರದ ತೇರಹಳ್ಳಿಯಲ್ಲೂ ಅವು ಇದ್ದವು. ಆಮೇಲೆ ಅಲ್ಲಿ ಕಾಣೆಯಾದವು. ಇಡೀ ಜಗತ್ತಿನಲ್ಲಿ ಈಗ ಗೊತ್ತಿರುವುದು ಹನುಮನಹಳ್ಳಿಯ ಮನೆ ಒಂದೇ, ಎಣಿಕೆ ಇನ್ನೂರರ ಆಸುಪಾಸು. ಸುತ್ತ ಕಲ್ಲು ಒಡೆಯುವ ಕೆಲಸಕ್ಕೆ ತಡೆ ಬಿದ್ದು, ಅರಣ್ಯ ಇಲಾಖೆಯೂ ಬಾವಲಿ ಸಂರಕ್ಷಕರೂ ಕಾವಲು ನಿಂತ ಮೇಲೆ ಆ ಮನೆ ಉಳಿದಿದೆ. ದರೋಜಿಯಲ್ಲಿ ಕರಡಿಗಳಿಗೆ 1994ರಲ್ಲಿ ಧಾಮ ಮಾಡಿದಾಗಲೂ ಮೊದಲು ಉಳಿದದ್ದು ಅವು ಹಗಲು ಮಲಗುವ ಗುಂಡುಗವಿಗಳೇ.

ಮಸ್ಕಿ ಶಾಸನಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆ ಇದೆ. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಗಣಿ ತೋಡುವಂತಿಲ್ಲ. ಅದರಾಚೆಯ ಇನ್ನೂರು ಮೀಟರಿನಲ್ಲಿ ಒಪ್ಪಿಗೆ ಬೇಕು. ಆದರೆ ಅಕ್ಷರ ಇಲ್ಲದ ಗವಿಗಳಿಗೆ ಪುರಾತತ್ವ ಇಲಾಖೆಯ ನೀಲಿ ಫಲಕವಿಲ್ಲ. ಕುರಿ ಕಾಯುವ ಹುಡುಗ ಮಧ್ಯಾಹ್ನ ಮಲಗುವ ಗವಿ, ಊರಮ್ಮನಿಗೆ ವರ್ಷಕ್ಕೊಮ್ಮೆ ಎಡೆ ಇಡುವ ಗವಿ, ಮಳೆ ನೀರು ತಿಂಗಳುಗಟ್ಟಲೆ ನಿಂತು ನವಿಲಿಗೂ ನರಿಗೂ ಕುಡಿಯಲು ಸಿಗುವ ಗವಿ: ಇವನ್ನು ಕಾಯಬೇಕಾದವರು ಅವುಗಳ ದಾರಿ ಬಲ್ಲವರು. ಶಾಲೆಯ ಮಕ್ಕಳನ್ನು ಒಮ್ಮೆ ಕರೆತಂದು ಬಂಡೆ ತಟ್ಟಿ ಸದ್ದು ಕೇಳಿಸಬೇಕು. ಗ್ರಾಮಸಭೆಯಲ್ಲಿ ಗುಡ್ಡದ ಒಂದೊಂದು ಗವಿಯನ್ನೂ ಹೆಸರು ಹಿಡಿದು ಬರೆಸಬೇಕು. ಹೆಸರಿರುವ ಗವಿಗೆ ಮದ್ದು ಇಡಲು ಕೈ ಹಿಂಜರಿಯುತ್ತದೆ ಎಂಬುದು ನನ್ನ ನಂಬಿಕೆ.

ಇಳಿಯುವಾಗ ದಾದಾ ಬುಡದಲ್ಲಿ ಬಾಗಿ ಒಂದು ಹಿಡಿ ಮರಂ ಎತ್ತಿದರು. ಅಂಗೈಯಲ್ಲಿ ತಿಕ್ಕಿದರು. ಬೆಣಚಿನ ಹರಳು ಬೆರಳ ಸಂದಿಯಿಂದ ಉದುರಿ, ತೆಳ್ಳನೆಯ ಜೇಡಿ ಗೆರೆಗಳಲ್ಲಿ ಉಳಿಯಿತು. ನಾನು ಹೇಳಬೇಕೆಂದಿದ್ದ ಮಾತು ಅವರ ಕೈಯಲ್ಲೇ ಇತ್ತು. ಗುಂಡಿನ ಮೂಲೆಗಳನ್ನು ತಿಂದ ನೀರು ಈ ಜೇಡಿಯನ್ನು ಮಸ್ಕಿ ಹಳ್ಳಕ್ಕೆ ಇಳಿಸುತ್ತದೆ. ಹಳ್ಳ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳಕೊಲ್ಲಿಗೆ. ದಾರಿಯಲ್ಲಿ ಬಯಲಿಗೆ ಕೂತದ್ದು ಹೊಲವಾಗುತ್ತದೆ.

"ಬಂಗಾಳಕೊಲ್ಲಿಗೇ?" ಎಂದು ದಾದಾ ಇನ್ನೊಮ್ಮೆ ಕೇಳಿದರು. ಅವರ ತಾಯಿಯ ಊರಿನ ನದಿಗಳೂ ಹಿಮಾಲಯದ ಮಣ್ಣು ಹೊತ್ತು ಇಳಿಯುವುದು ಅದೇ ಕಡಲಿಗೆ.

ಕ್ಯಾಂಪಿಗೆ ಮರಳಿದಾಗ ಹೊತ್ತು ಮುಳುಗಿತ್ತು. ಮನೆಮನೆಯ ತುಳಸಿಯ ಮುಂದೆ ದೀಪ. ಒಂದು ಕಡೆಯಿಂದ ಶಂಖ ಊದಿದರು. ದಾದಾ ಗೋಣಿ ಸರಿಸಿ, ತೇವ ಆರದ ಮಣ್ಣಿನ ಮುದ್ದೆಯಿಂದ ಒಂದು ಹಿಡಿ ಕಿತ್ತು ಹುಲ್ಲಿನ ಕೊರಳಿಗೆ ಮೆತ್ತತೊಡಗಿದರು. ವಿಜಯದಶಮಿಯ ಸಂಜೆ ಈ ಮೂರ್ತಿ ನೀರಿಗೆ ಇಳಿಯುತ್ತದೆ. ಗುಡ್ಡ ಲಕ್ಷಾಂತರ ವರ್ಷ ಹಿಡಿದು ಕಳಿಸಿದ ಮಣ್ಣು ಒಂದು ರಾತ್ರಿಯಲ್ಲಿ ಕರಗಿ ನೀರಿಗೆ ಸೇರುತ್ತದೆ. ಅದಕ್ಕೆ ಅವರಿಗೆ ದುಃಖವಿಲ್ಲ.

"ಬರೋ ವರ್ಷ ಮತ್ತ ಕಟ್ತೀವ್ರಿ ಸರ" ಎಂದರು. ಬೆರಳು ನಿಂತಿತು. ಮಸ್ಕಿಯ ಕಡೆಗೆ, ಈಗ ಕತ್ತಲಲ್ಲಿ ಏನೂ ಕಾಣದ ಕಡೆಗೆ ಮುಖ ತಿರುಗಿಸಿದರು. "ಆ ಗವಿ ಒಡದ್ರ ಮಾತ್ರ ಯಾರ ಕೈಲೂ ಕಟ್ಟಾಕ ಆಗಂಗಿಲ್ಲ."

ಆಮೇಲೆ ಅವರು ಮಣ್ಣಿಗೆ ಮರಳಿದರು. ಬೆರಳಿಗೆ ಒಂದು ಸಣ್ಣ ಹರಳು ತಾಗಿತು. ಬೆಳಗಿನ ಹಾಗೆ ಅದನ್ನು ಎಸೆಯಲಿಲ್ಲ. ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಮೂರ್ತಿಯ ಪೀಠದ ಬದಿಗೆ ಇಟ್ಟರು.